ಊರನ್ನು ಪರಿಚಯ ಮಾಡಿಕೊಡುವ ಬಗೆ

ಹೋದ ತಿಂಗಳು ಒಂದು ಸಂಜೆ ನಮ್ಮ ನೆರೆಯಲ್ಲಿ ಬಾಡಿಗೆಗಿರುವ ತರುಣನೊಬ್ಬನು ನಾಲ್ಕು ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡು ಬಂದನು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಈತನ ಹುಟ್ಟೂರು ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪ್. ಮನೆಯ ಮಾತು ಬಂಗಾಳಿ. ಬರೆಯುವ ಕನ್ನಡವಾದರೋ ನಮ್ಮಲ್ಲಿ ಅನೇಕರ ಕನ್ನಡಕ್ಕಿಂತ ಶುದ್ಧವಾದುದು. “ಸರ್, ಸಿಂಧನೂರಿಗೆ ಬಂಡವಲಗಾರರನ್ನು ಕರೆಯುವುದಕ್ಕಾಗಿ ನಾವು ಕೆಲವು ಗೆಳೆಯರು ಸೇರಿ ಒಂದು ಪುಸ್ತಿಕೆಯನ್ನು ಅಚ್ಚುಹಾಕಿಸಬೇಕೆಂದಿದ್ದೇವೆ. ತಾವು ಒಮ್ಮೆ ನೋಡಿ ತಿದ್ದಿಕೊಡಬೇಕು” ಎಂದನು.

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಬಂಡವಲದ ಮಾತೇಕೆ ಎಂದು ವಾಚಕರು ಕೇಳಬಹುದು. ಊರಿಗೆ ಕೆಲಸ ಬಂದರೆ ಮಗನು ಮನೆಯಲ್ಲಿರುವನು. ಬಾರದಿದ್ದರೆ ಪರಸ್ಥಳದ ಬಾಡಿಗೆಯ ಕೋಣೆಯಲ್ಲಿರುವನು. ಇದಕ್ಕಿಂತ ಹೆಚ್ಚಿನ ಗೃಹಕೃತ್ಯದ ವಿಷಯ ಯಾವುದಿದ್ದೀತು? ಅದೂ ಅಲ್ಲದೆ, ಸಿಂಧನೂರಿಗೂ ನಮ್ಮ ಅಡಿಗೆಯ ಮನೆಗೂ ಇರುವ ನಂಟು ಸಣ್ಣದಲ್ಲ. ಸೋನಾ ಮಸೂರಿ ಎಂದು ನಾವು ದಿನವೂ ತೊಳೆದು ಒಲೆಯ ಮೇಲಿಡುವ ಅಕ್ಕಿಯಲ್ಲಿ ಎಷ್ಟೋ ಭಾಗವು ಸಿಂಧನೂರು, ಕಾರಟಗಿ, ಗಂಗಾವತಿಗಳ ಗಿರಣಿಗಳಿಂದಲೇ ಬರುತ್ತದೆ.

ಹಾಳೆಗಳನ್ನು ಓದಿದೆನು. ವರನ ಕಡೆಯವರು ಬರೆದು ಕಳುಹಿಸುವ ವಿವರದಂತೆ ಅದರಲ್ಲಿ ಎಲ್ಲವೂ ಗುಣವೇ. ನೀರು ಸಮೃದ್ಧಿ, ಭೂಮಿ ಫಲವತ್ತು, ರಸ್ತೆ ವಿಶಾಲ, ಜನ ಸೌಮ್ಯ. ಹುಡುಗನಿಗೆ ಕೆಮ್ಮು ಉಂಟೆಂಬುದು ಲಗ್ನವಾದ ಮೇಲಲ್ಲವೆ ತಿಳಿಯುವುದು! ಮಾದರಿಗಾಗಿ ಆತನು ಎಷ್ಟೋ ದೂರದ ಊರುಗಳ ಕರೆಯೋಲೆಗಳನ್ನು ಓದಿದ್ದನು. ಅವುಗಳಲ್ಲಿ ಉಕ್ರೇನ್ ದೇಶದ ವಿನ್ನಿತ್ಸಾ ಎಂಬ ನಡುತರದ ನಗರದ್ದು ಆತನ ಮನಸ್ಸಿಗೆ ಹಿಡಿದಿತ್ತು. ಆ ಊರಿನ ವಿಷಯದಲ್ಲಿ ನನಗೆ ಸ್ವಾರಸ್ಯವಾಗಿ ತೋರಿದುದು ಬೇರೆಯೇ ಒಂದು ಸಂಗತಿ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರವು ತನಗೆ ಬೇಡವಾದ ಹಳೆಯ ಟ್ರಾಮ್ ಗಾಡಿಗಳನ್ನು 2007ರಿಂದ ಮೊದಲ್ಗೊಂಡು ವಿನ್ನಿತ್ಸಾಕ್ಕೆ ಕೊಟ್ಟಿತು. ಅನ್ಯರು ಬಿಟ್ಟುಕೊಟ್ಟ ಗಾಡಿಗಳೆಂದು ನಾಚದೆ ಆ ಊರು ಅವುಗಳನ್ನು ತನ್ನ ಬೀದಿಗಳಲ್ಲಿ ಓಡಿಸಿತು. 2022ರ ಜುಲೈ ತಿಂಗಳಲ್ಲಿ ಅದೇ ನಗರದ ನಡುಮಧ್ಯದಲ್ಲಿ ರಷ್ಯದ ಕ್ಷಿಪಣಿಗಳು ಬಿದ್ದು ಜನರು ಸತ್ತರು. ಯಾವ ಪುಸ್ತಿಕೆಯೂ ಮುಂಗಂಡು ಹೇಳಲಾಗದ ಮಾತು ಅದು, ಇರಲಿ.

ನಮ್ಮ ತರುಣನ ಹಾಳೆಗಳಲ್ಲಿ ನಾನು ಮೊದಲು ಹುಡುಕಿದುದು ಆತನ ಸ್ವಂತ ಊರನ್ನು. ಆರ್.ಎಚ್. ಕ್ಯಾಂಪಿನ ಹೆಸರು ಎಲ್ಲಿಯೂ ಇರಲಿಲ್ಲ. “ಇದೇನಪ್ಪಾ, ನಿನ್ನ ಊರೇ ಬಿಟ್ಟುಹೋಗಿದೆಯಲ್ಲ?” ಎಂದು ಕೇಳಿದೆನು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿರಾಶ್ರಿತರ ಶಿಬಿರ ಎಂದು ಬರೆದರೆ ದುಡ್ಡು ಹಾಕುವವರು ಯಾರು ಬರುತ್ತಾರೆ, ಸರ್?” ಎಂದನು.

ಆ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ಅದಕ್ಕೆ ಉತ್ತರ ಕೊಡಬೇಕಾದರೆ ಸಿಂಧನೂರು ಊರಾದ ಬಗೆಯನ್ನು ಕೊಂಚ ಹೇಳಬೇಕು.

ತುಂಗಭದ್ರೆಗೆ ಅಣೆಕಟ್ಟನ್ನು ಕಟ್ಟುವ ಕೆಲಸವನ್ನು ಮದರಾಸು ಸರಕಾರವೂ ಹೈದರಾಬಾದು ಸಂಸ್ಥಾನವೂ ಕೂಡಿ 1945ರಲ್ಲಿ ಆರಂಭಿಸಿದುವು. 1953ರಲ್ಲಿ ಕಾಲುವೆಗಳಿಗೆ ನೀರು ಬಂದಿತು. ಎಡದಂಡೆಯ ಕಾಲುವೆಯು ಕೊಪ್ಪಳದ ಸೀಮೆಯಿಂದ ರಾಯಚೂರಿನ ಕಡೆಗೆ ಸುಮಾರು 227 ಕಿಲೋಮೀಟರು ಹರಿಯುತ್ತದೆ. ಅದುವರೆಗೆ ಜೋಳ, ಹತ್ತಿಗಳ ಕಪ್ಪು ನೆಲವಾಗಿದ್ದ ಸೀಮೆಗೆ ನೀರು ಬಂದುದೇನೋ ಸರಿ. ಗದ್ದೆಯ ಬೇಸಾಯವು ಅಲ್ಲಿಯವರಿಗೆ ವಾಡಿಕೆಯಿರಲಿಲ್ಲ. ಕೃಷ್ಣಾ, ಗೋದಾವರಿ ತೀರಗಳ ಆಂಧ್ರ ಒಕ್ಕಲಿಗರು ತಮ್ಮ ಕಡೆಯ ತುಂಡು ಭೂಮಿಯನ್ನು ಮಾರಿ ಬಂದು ಇಲ್ಲಿ ಹೆಚ್ಚು ಭೂಮಿಯನ್ನು ಕೊಂಡು ಗುಡಿಸಲು ಹಾಕಿದರು. ಅವರು ನಿಂತ ಸ್ಥಳಗಳೆಲ್ಲ ‘ಕ್ಯಾಂಪ್’ ಎನಿಸಿಕೊಂಡುವು. ಗುಡಿಸಲುಗಳು ಹೋಗಿ ಮಾಳಿಗೆಯ ಮನೆಗಳು ಬಂದುವು. ಹೆಸರು ಮಾತ್ರ ಕ್ಯಾಂಪ್ ಎಂದೇ ಉಳಿಯಿತು. ಎರಡು ತಲೆಮಾರು ಕಳೆದ ಮೇಲೆಯೂ ಡೇರೆಯ ಹೆಸರಿನಲ್ಲಿಯೇ ಬದುಕುವ ಹಳ್ಳಿಗಳು ಬೇರೆಡೆ ಇಷ್ಟೊಂದು ಇರಲಾರವು.

ಅನಂತರ, 1970ರ ಆಚೀಚೆಗೆ, ಪೂರ್ವ ಪಾಕಿಸ್ತಾನದಿಂದ ಉಟ್ಟ ಬಟ್ಟೆಯಲ್ಲಿ ಬಂದ ಬಂಗಾಳಿ ಕುಟುಂಬಗಳಿಗೆ ಸರಕಾರವು ಸಿಂಧನೂರಿನ ಬಳಿ ನೆಲೆ ಕೊಟ್ಟಿತು. ಪುನರ್ವಸತಿ ಎಂಬರ್ಥದ ಇಂಗ್ಲಿಷ್ ಮಾತಿನ ಎರಡು ಅಕ್ಷರಗಳೇ ಆ ಹಳ್ಳಿಗಳ ಹೆಸರಾದುವು: ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು, ಹೀಗೆ. ನದಿಯ ಮುಖಜಭೂಮಿಯಲ್ಲಿ ಭತ್ತವನ್ನು ಬೆಳೆದು ಬಲ್ಲವರು ಕಾಲುವೆಯ ಬದಿಗೆ ಬಂದರು. ಇಂದು ಅಲ್ಲಿ ದುರ್ಗಾಪೂಜೆಯೂ ನಡೆಯುತ್ತದೆ, ಮಕ್ಕಳು ಕನ್ನಡವನ್ನೂ ಕಲಿಯುತ್ತಾರೆ. ಆದರೂ ಕಾಗದಪತ್ರಗಳ ತೊಡಕು ಎಷ್ಟೋ ಮನೆಗಳಲ್ಲಿ ಬಹುಕಾಲ ಉಳಿಯಿತು. 2024ರಲ್ಲಿ ಈ ಶಿಬಿರಗಳ ಕೆಲವರಿಗೆ ಪೌರತ್ವದ ಪತ್ರಗಳು ದೊರೆತುವು. ಐವತ್ತು ವರ್ಷ ಉತ್ತ ನೆಲದಲ್ಲಿ ನಿಂತು, ನಾನು ಈ ದೇಶದವನೆಂಬ ಪತ್ರಕ್ಕಾಗಿ ಕಾದವರ ಮಕ್ಕಳು ತಮ್ಮ ಊರಿನ ಹೆಸರನ್ನು ಪುಸ್ತಿಕೆಯಿಂದ ಬಿಟ್ಟರೆ ಆಶ್ಚರ್ಯವೇನು?

ಆದರೆ ನಾನು ಆತನಿಗೆ ಹೇಳಿದುದು ಇದು: “ಬಂಡವಲಗಾರನು ಎಂದರೆ ಯಾರಪ್ಪಾ? ಪರಸ್ಥಳಕ್ಕೆ ಬಂದು, ಇದ್ದುದನ್ನು ಹೂಡಿ, ಫಲಕ್ಕಾಗಿ ಕಾಯುವವನು. ಹಾಗಾದರೆ ಸಿಂಧನೂರಿನ ಮೊದಲ ಬಂಡವಲಗಾರರು ನಿನ್ನ ಅಜ್ಜನೂ ಆ ಆಂಧ್ರದವರೂ ಅಲ್ಲವೆ? ಹೊಸಬನಿಗೆ ಎಡೆ ಕೊಟ್ಟ ಊರು ಎಂಬುದಕ್ಕಿಂತ ಒಳ್ಳೆಯ ಶಿಫಾರಸು ಬೇರೆ ಯಾವುದು?” ಆತನು ನಕ್ಕನು, ಒಪ್ಪಿದನೆಂದು ಹೇಳಲಾರೆ.

ಇನ್ನು ಹಾಳೆಗಳಲ್ಲಿದ್ದ ಉಳಿದ ವಿಷಯ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಬಂಡವಲಗಾರರ ದೊಡ್ಡ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಗಳ ಮಾತಾಯಿತೆಂದು ಸರಕಾರವು ಪ್ರಕಟಿಸಿತು. ಆಗಲೇ ಹೊರಬಂದ ಕೈಗಾರಿಕಾ ನೀತಿಯು ತಾಲ್ಲೂಕುಗಳನ್ನು ಮೂರು ವಲಯಗಳಾಗಿ ವಿಂಗಡಿಸಿ, ಹಿಂದುಳಿದ ತಾಲ್ಲೂಕುಗಳಿಗೆ ಹೋಗುವವರಿಗೆ ಹೆಚ್ಚು ರಿಯಾಯಿತಿಯನ್ನು ಕೊಡುವುದಾಗಿ ಹೇಳುತ್ತದೆ. ತರುಣನು ಈ ರಿಯಾಯಿತಿಗಳಿಗಾಗಿಯೇ ಒಂದು ಪುಟವನ್ನು ಮೀಸಲಿಟ್ಟಿದ್ದನು. ನಾನು ಅದನ್ನು ನಾಲ್ಕು ಸಾಲಿಗೆ ಇಳಿಸಿದೆನು. ರಿಯಾಯಿತಿಯನ್ನು ನೋಡಿ ಬಂದವನು ರಿಯಾಯಿತಿ ಮುಗಿದ ದಿನ ಗಂಟು ಕಟ್ಟುವನು. ರೈಲಿನ ವಿಷಯವನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆಯೆಂದೆನು. ಗಿಣಿಗೇರಾದಿಂದ ಮಹಬೂಬನಗರಕ್ಕೆ ಹೋಗುವ ಮಾರ್ಗವು ಮಂಜೂರಾದುದು 1997-98ರಲ್ಲಿ. ರೈಲು ಸಿಂಧನೂರನ್ನು ಮುಟ್ಟಿದುದು 2024ರಲ್ಲಿ. ಮಂಜೂರಾತಿಯ ಸಮಯಕ್ಕೆ ಹುಟ್ಟಿದ ಕೂಸು ಆ ರೈಲನ್ನು ಹತ್ತುವಷ್ಟರಲ್ಲಿ ಸಂಸಾರಸ್ಥನಾಗಿರಬಹುದು.

ಹಾಗಾದರೆ ಅಲ್ಲಿ ತೋರಿಸಬೇಕಾದುದು ಏನು? ನನಗೆ ತೋರುವುದೇನೆಂದರೆ, ಅಕ್ಕಿಯನ್ನಲ್ಲ, ಅಕ್ಕಿಯನ್ನು ಮಾಡುವಾಗ ಹಿಂದುಳಿಯುವ ಪದಾರ್ಥವನ್ನು. ನೂರು ಕಿಲೋ ಭತ್ತವನ್ನು ಗಿರಣಿಗೆ ಹಾಕಿದರೆ ನುಚ್ಚೂ ಸೇರಿದಂತೆ ಅರುವತ್ತೈದರಿಂದ ಎಪ್ಪತ್ತು ಕಿಲೋ ಅಕ್ಕಿ ಬರುತ್ತದೆ. ಇಪ್ಪತ್ತು ಕಿಲೋದಷ್ಟು ಹೊಟ್ಟು. ಏಳೆಂಟು ಕಿಲೋ ತೌಡು. ಈ ತೌಡಿನಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಪಾಲು ಎಣ್ಣೆಯುಂಟು. ನಮ್ಮ ಮನೆಗಳಲ್ಲಿ ಈಚೆಗೆ ಬಳಕೆಗೆ ಬಂದಿರುವ ತೌಡಿನೆಣ್ಣೆ ಇದೇ. ಆದರೆ ತೌಡಿಗೆ ಒಂದು ದೋಷವುಂಟು. ಅಕ್ಕಿಯಿಂದ ಬೇರೆಯಾದ ಕೂಡಲೇ ಅದರಲ್ಲಿರುವ ಒಂದು ಜೀವದ್ರವ್ಯವು ಎಣ್ಣೆಯನ್ನು ಒಡೆಯತೊಡಗುತ್ತದೆ. ಒಂದೆರಡು ದಿನಗಳಲ್ಲಿ ಕಮಟು ಹತ್ತಿ, ಆ ಎಣ್ಣೆ ಅಡಿಗೆಗೆ ಕೆಲಸಕ್ಕೆ ಬಾರದಂತಾಗುತ್ತದೆ. ಬಿಸಿ ಮಾಡಿ ಅದನ್ನು ತಡೆಯಬೇಕು. ಇಲ್ಲವೇ ಎಣ್ಣೆ ತೆಗೆಯುವ ಕಾರ್ಖಾನೆಯು ಗಿರಣಿಯ ಹತ್ತಿರವೇ ಇರಬೇಕು. ಹಾಲಿನ ವ್ಯಾಪಾರದಂತೆಯೇ ಇದು. ಹಸುವಿದ್ದಲ್ಲಿಗೆ ಪಾತ್ರೆ ಹೋಗಬೇಕಲ್ಲದೆ ಪಾತ್ರೆಯಿದ್ದಲ್ಲಿಗೆ ಹಸು ಬಾರದು.

ಹೊಟ್ಟಿನ ಕಥೆಯೂ ಹಾಗೆಯೇ. ಹಗುರವಾದ ಪದಾರ್ಥ, ಲಾರಿಯಲ್ಲಿ ತುಂಬಿ ದೂರ ಸಾಗಿಸಿದರೆ ಬಾಡಿಗೆಯೇ ಬೆಲೆಯನ್ನು ನುಂಗುತ್ತದೆ. ಬಾಯ್ಲರಿನಲ್ಲಿ ಉರಿಸಿ ಶಾಖವನ್ನೂ ವಿದ್ಯುತ್ತನ್ನೂ ಪಡೆಯಬಹುದು. ಉರಿದ ಮೇಲೆ ಐದರಲ್ಲಿ ಒಂದು ಪಾಲು ಬೂದಿ. ಆ ಬೂದಿಯ ಬಹುಭಾಗ ಸಿಲಿಕ, ಎಂದರೆ ಮರಳಿನ ಸತ್ವ. ಸರಿಯಾದ ಕಾವಿನಲ್ಲಿ ಸುಟ್ಟರೆ ಸಿಮೆಂಟಿನ ಜೊತೆಗೆ ಬೆರಸಲು ಅದು ಯೋಗ್ಯವಾಗುತ್ತದೆ. ಕಂಡ ಹಾಗೆ ಸುಟ್ಟರೆ ನೆರೆಹೊರೆಯವರ ಬಟ್ಟೆಯ ಮೇಲೂ ಕಣ್ಣಿನಲ್ಲೂ ಬೀಳುವ ಮಸಿ. ಗಿರಣಿಯ ಊರಿನಲ್ಲಿ ಬಟ್ಟೆ ಒಣಹಾಕುವ ಗೃಹಿಣಿಯನ್ನು ಕೇಳಿದರೆ ಈ ವಿಷಯದಲ್ಲಿ ಯಾವ ಶಾಸ್ತ್ರಜ್ಞನಿಗೂ ಕಡಮೆಯಿಲ್ಲದ ವಿವರ ದೊರೆಯುತ್ತದೆ.

ದೂರ ಸಾಗಿಸಲು ಬಾರದ ಪದಾರ್ಥವು ಯಾವ ಊರಿನಲ್ಲಿ ಹೆಚ್ಚಾಗಿ ದೊರೆಯುವುದೋ ಆ ಊರಿಗೆ ಬಂಡವಲಗಾರನು ತಾನೇ ಬರಬೇಕಾಗುತ್ತದೆ. ಪುಸ್ತಿಕೆಯ ಮೊದಲ ಪುಟದಲ್ಲಿ ಇರಬೇಕಾದುದು ಇದು. ಒಂದೇ ಕಸುಬನ್ನು ನೆಚ್ಚುವುದರ ಅಪಾಯವನ್ನೂ ಮರೆಯಬಾರದು. ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕೊಂಡಾಡಿದರು. ಹತ್ತಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಕೂಲಿಕಾರರ ಮನೆಗಳು ಪಟ್ಟ ಪಾಡನ್ನು ಕಂಡವರು ಇನ್ನೂ ಇದ್ದಾರೆ.

ಆತನು ಒಪ್ಪದೆ ಹಟ ಹಿಡಿದುದು ನೀರಿನ ವಿಷಯದಲ್ಲಿ. “ನೀರು ಸಮೃದ್ಧಿ” ಎಂಬ ಸಾಲನ್ನು ನಾನು ಹೊಡೆದುಹಾಕಿದೆನು. ತುಂಗಭದ್ರಾ ಜಲಾಶಯವು ಕಟ್ಟಿದ ಕಾಲಕ್ಕೆ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಹಿಡಿಯುವುದು 105ರಷ್ಟು. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟು ಕಿತ್ತುಹೋದಾಗ ಹರಿದು ಹೋದ ನೀರನ್ನು ಎಲ್ಲರೂ ನೋಡಿದರು. ಮೊದಲಿಗೆ ಈ ಕಾಲುವೆಯನ್ನು ಯೋಜಿಸಿದುದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾಗಳಂಥ ಅರೆನೀರಾವರಿಯ ಬೆಳೆಗಳಿಗೆ. ಮೇಲ್ಭಾಗದವರೆಲ್ಲ ಭತ್ತವನ್ನೇ ಹಾಕಿದುದರಿಂದ ಮಾನ್ವಿ, ರಾಯಚೂರುಗಳ ಕಡೆಯ ಕೊನೆಯ ಭಾಗದ ರೈತರು ಕಾಲುವೆಯಿದ್ದೂ ನೀರಿಗಾಗಿ ಮೊರೆಯಿಡುವಂತಾಗಿದೆ. ನೀರು ನಿಂತಲ್ಲಿ ಸವುಳು ಏರಿ ಕೆಟ್ಟ ಭೂಮಿಯೂ ಬಹಳವುಂಟು. ಹೀಗಿರುವಾಗ, ಬಹಳ ನೀರು ಕುಡಿಯುವ ಕಾರ್ಖಾನೆಯನ್ನು ಕರೆದು ಕೂರಿಸಿದರೆ ಅದು ಕುಡಿಯುವುದು ಯಾರ ನೀರನ್ನು?

“ಕೊರತೆಯನ್ನು ನಾವೇ ಬರೆದುಕೊಳ್ಳಬೇಕೇ, ಸರ್?” ಎಂದು ಆತನು ಬೇಸರಗೊಂಡನು. ಕೋಟಿ ರೂಪಾಯಿ ಹೂಡುವವನು ಒಬ್ಬ ಇಂಜಿನಿಯರನ್ನು ಕಳುಹಿಸದೆ ಇರುವನೆ? ಆತನು ಎರಡು ದಿನ ತಿರುಗಿ ಕಾಲುವೆಯ ಕೊನೆಯನ್ನು ನೋಡಿ ಬರುವನು. ಆಗ ಪುಸ್ತಿಕೆಯ ಒಂದು ಮಾತು ಸುಳ್ಳೆಂದು ಕಂಡರೆ ಉಳಿದ ಹತ್ತು ನಿಜಗಳೂ ಸುಳ್ಳಾಗುವುವು. ಇಷ್ಟು ನೀರು ಸಿಕ್ಕೀತು, ಇಂಥ ತಿಂಗಳುಗಳಲ್ಲಿ ಸಿಕ್ಕದು, ಕೊಳೆನೀರನ್ನು ಶುದ್ಧಮಾಡಿ ಮತ್ತೆ ಬಳಸುವವರಿಗೆ ಸ್ವಾಗತ, ಎಂದು ಬರೆಯಲು ಅಂಜಿಕೆಯೇಕೆ?

ಮಾತಿನ ನಡುವೆ ಮಸ್ಕಿಯ ಪ್ರಸಂಗ ಬಂದಿತು. ಸಿಂಧನೂರಿಗೆ ನೆರೆಯ ತಾಲ್ಲೂಕು ಅದು. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನು ಚಿನ್ನದ ನೆಲೆಯನ್ನು ಹುಡುಕುತ್ತ ಅಲ್ಲಿನ ಗುಡ್ಡವನ್ನು ಹತ್ತಿದನು. ಕಂಡುದು ಅಶೋಕನ ಶಾಸನ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ವಿದ್ವಾಂಸರಿಗೆ ನಿಶ್ಚಯಪಡಿಸಿಕೊಟ್ಟುದು ಆ ಬಂಡೆಯೇ. ಚಿನ್ನವೇನೋ ಅತ್ತ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ದೊರೆಯುತ್ತಿದೆ. ಆದರೂ ಬೀಡನನ ಹೆಸರು ಉಳಿದುದು ಆತನು ಹುಡುಕದೆ ಇದ್ದುದು ಸಿಕ್ಕಿದುದರಿಂದ. ಇದನ್ನು ಕೇಳಿ ತರುಣನಿಗೆ ಬಹಳ ಸಂತೋಷವಾಯಿತು. ಪುಸ್ತಿಕೆಯಲ್ಲಿ ಹಾಕಲೇ ಎಂದನು. ಬೇಡ, ಎಣ್ಣೆಯ ಕಾರ್ಖಾನೆಯವನಿಗೆ ಅಶೋಕನಿಂದ ಏನಾಗಬೇಕು, ಎಂದೆನು. ಮನೆಯವಳು ಒಳಗಿನಿಂದ, “ಹಾಕಲಿ ಬಿಡಿ, ಅವನೂ ಓದು ಬಲ್ಲವನೇ ಆಗಿರುತ್ತಾನೆ” ಎಂದಳು. ಹಾಕುವುದೆಂದು ತೀರ್ಮಾನವಾಯಿತು.

ಹದಿನೈದು ದಿನಗಳ ಮೇಲೆ ತಿದ್ದಿದ ಪ್ರತಿ ಬಂದಿತು. ಮೊದಲ ಪುಟದಲ್ಲಿ ತೌಡು, ಹೊಟ್ಟುಗಳ ಲೆಕ್ಕ, ಎರಡನೆಯದರಲ್ಲಿ ರೈಲು. ಮೂರನೆಯ ಪುಟದ ತಲೆಯಲ್ಲಿ, “ನಮ್ಮ ಹಿರಿಯರು ಈ ಊರಿಗೆ ಬಂದಾಗ ಅವರ ಕೈಯಲ್ಲಿ ಏನೂ ಇರಲಿಲ್ಲ” ಎಂದು ಆರಂಭವಾಗಿ ಆರ್.ಎಚ್. ಕ್ಯಾಂಪಿನ ವಿಷಯ ಹನ್ನೆರಡು ಸಾಲು ಇತ್ತು. ಅದರಲ್ಲಿ ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ನೀರಿನ ಪುಟ ಮಾತ್ರ ಖಾಲಿಯಿತ್ತು. ಊರಿಗೆ ಹೋಗಿ ಕಾಲುವೆಯ ಕೊನೆಯವರೆಗೂ ನೋಡಿಕೊಂಡು ಬಂದು ಬರೆಯುತ್ತೇನೆಂದು ಚೀಟಿಯೊಂದನ್ನು ಇಟ್ಟಿದ್ದನು. ಇನ್ನೂ ಬಂದಿಲ್ಲ.