ಹನ್ನೊಂದು ತಿಂಗಳ ಸಂಸಾರ

2023ರ ಮೇ ತಿಂಗಳ ಕೊನೆಯಲ್ಲಿ ಮೈಸೂರಿನ ನಮ್ಮ ಮನೆಯ ಮಹಡಿಗೆ ಒಂದು ಎಳೆಯ ಸಂಸಾರ ಬಾಡಿಗೆಗೆ ಬಂದಿತು. ಗಂಡ ಡಿಪ್ಲೊಮಾ ಓದಿದವನು. ನಂಜನಗೂಡು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ. ಹೆಂಡತಿ ಪಿಯುಸಿಯವರೆಗೆ ಓದಿದಾಕೆ. ಒಂದನೇ ತರಗತಿ ಮುಗಿಸಿದ ಮಗಳು, ಎರಡು ವರ್ಷ ತುಂಬದ ಮಗ. ಊರು ರಾಯಚೂರು ಜಿಲ್ಲೆಯ ಸಿಂಧನೂರು. ಟೆಂಪೊದಿಂದ ಇಳಿದ ಸಾಮಾನಿನಲ್ಲಿ ಎರಡು ಟ್ರಂಕು, ಒಂದು ಮಂಚ, ಗ್ಯಾಸ್ ಒಲೆ ಮತ್ತು ಒಂದು ಚೀಲ ಬಿಳಿಜೋಳ ಇದ್ದವು. ಸಂಜೆಯ ಹೊತ್ತಿಗೆ ಹಾಲು ಉಕ್ಕಿಸಿ, ಬಾಗಿಲಿಗೆ ರಂಗೋಲಿ ಎಳೆದದ್ದನ್ನು ನೋಡಿ ಸಂಸಾರ ನೆಲೆಗೊಂಡಿತೆಂದೇ ನಾನೂ ನನ್ನ ಪತ್ನಿಯೂ ಭಾವಿಸಿದೆವು. ನಿಜವಾಗಿ ನೆಲೆಗೊಳ್ಳಲು ಅವರಿಗೆ ಒಂದೂವರೆ ವರ್ಷ ಹಿಡಿಯಿತು. ಆ ವಿಳಂಬದಲ್ಲಿ ಐದು ತಿಂಗಳು ನನ್ನ ಕೊಡುಗೆ.

ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ನಮಗೆ ವಲಸೆಯನ್ನು ಬೇರೊಂದು ರೀತಿಯಲ್ಲಿ ಕಲಿಸಿದ್ದರು. 1954ರಲ್ಲಿ ಆರ್ಥರ್ ಲೂಯಿಸ್ ಮಂಡಿಸಿದ ಮಾದರಿಯಲ್ಲಿ ಹಳ್ಳಿಯ ಹೆಚ್ಚುವರಿ ದುಡಿಮೆ ಪಟ್ಟಣದ ಕಾರ್ಖಾನೆಗಳತ್ತ ತಾನಾಗಿ ಹರಿಯುತ್ತದೆ. 1970ರ ಹ್ಯಾರಿಸ್–ಟೊಡಾರೊ ಮಾದರಿಯಲ್ಲಿ ವಲಸಿಗನು ಪಟ್ಟಣದ ಕೂಲಿಯನ್ನೂ ಅಲ್ಲಿ ಕೆಲಸ ಸಿಗುವ ಸಂಭವವನ್ನೂ ಗುಣಿಸಿ, ಊರಿನ ಗಳಿಕೆಯೊಡನೆ ಹೋಲಿಸಿ ನೋಡಿ ಹೊರಡುತ್ತಾನೆ. ಎರಡೂ ಮಾದರಿಗಳಲ್ಲಿ ವಲಸಿಗನಿಗೆ ಹೆಂಡತಿ ಮಕ್ಕಳಿಲ್ಲ. ಮಗಳಿಗೆ ವರ್ಗಾವಣೆ ಪತ್ರ ತರುವ, ಮುಂಗಡಕ್ಕೆ ಸಾಲ ಎತ್ತುವ, ಅಜ್ಜಿಯಿಲ್ಲದ ಮನೆಯಲ್ಲಿ ಜ್ವರ ಬಂದ ಕೂಸನ್ನು ಎತ್ತಿಕೊಂಡು ಯಾವ ಆಸ್ಪತ್ರೆಗೆ ಓಡಬೇಕೆಂದು ತಿಳಿಯದೆ ನಿಲ್ಲುವ ಖರ್ಚುಗಳನ್ನು ಆ ಸಮೀಕರಣಗಳಲ್ಲಿ ಬರೆಯಲು ಜಾಗವಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು.

ಸಣ್ಣ ತೊಡಕುಗಳನ್ನು ಆ ಹೆಣ್ಣುಮಗಳು ತಾನೇ ಬಗೆಹರಿಸಿಕೊಂಡಳು. ನಮ್ಮ ಬಡಾವಣೆಯ ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಿದ್ದುದರಿಂದ ಆಕೆಯ ರೊಟ್ಟಿ ಕಪ್ಪಾಗುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ, ಕಲ್ಲು ಸ್ವಚ್ಛವಿರುವಾಗ ಮೊದಲ ಸರದಿ ತನ್ನದಾಗುವಂತೆ ಗಿರಣಿಯವನೊಡನೆ ಮಾತಾಡಿಕೊಂಡಳು. ಆಕೆಯ ಮಾತಿಗೆ ಬೀದಿಯವರು ಮೊದಮೊದಲು ನಕ್ಕರು, ಆಮೇಲೆ ಅಭ್ಯಾಸವಾಯಿತು. ಒಮ್ಮೆ ನನ್ನ ಪತ್ನಿಯೊಡನೆ ಹೇಳುತ್ತಿದ್ದಳು: ‘ನಮ್ಮ ಊರಾಗ ಯಾರ ಮನಿಯವರು ಅಂತ ಕೇಳ್ತಾರ್ರಿ ಅಮ್ಮಾ. ಇಲ್ಲಿ ಮನಿ ನಂಬರ್ ಕೇಳ್ತಾರ.’

ತೊಡಕು ಬಿಗಿಯಾದದ್ದು ಶಾಲೆಯಲ್ಲಿ. ಜೂನ್ ಮೊದಲ ವಾರ ಮಗಳನ್ನು ಕರೆದುಕೊಂಡು ಹೋದರೆ, ಟಿ.ಸಿ. ತಂದ ಮೇಲೆ ಬನ್ನಿ ಎಂದರು. ಸಿಂಧನೂರಿನ ಶಾಲೆಯಲ್ಲಿ ಬೇಸಿಗೆ ರಜೆಯ ನಂತರ ಹೊಸ ಮುಖ್ಯ ಶಿಕ್ಷಕರು ಇನ್ನೂ ಪ್ರಭಾರ ವಹಿಸಿಕೊಂಡಿರಲಿಲ್ಲ. ಒಂದು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗಿ ಬಂದ ಗಂಡನಿಗೆ ಎರಡು ದಿನದ ಸಂಬಳ ಹೋಯಿತು, ಪತ್ರ ಸಿಗಲಿಲ್ಲ. ತಾಯಿ ನಾಲ್ಕು ಸಲ ಶಾಲೆಗೆ ಅಲೆದಳು. ವಿಳಾಸದ ದಾಖಲೆಯನ್ನೂ ಕೇಳಿದರು. ಮಗು ಮೂರು ವಾರ ಮಹಡಿಯ ಮೆಟ್ಟಿಲ ಮೇಲೆ ಕುಳಿತು, ಬೀದಿಯ ಮಕ್ಕಳು ಸಮವಸ್ತ್ರ ತೊಟ್ಟು ಹೋಗುವುದನ್ನು ನೋಡುತ್ತಿತ್ತು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮನ್ನು ಓದಿದವರಿಗೆ ಇದು ವಿಚಿತ್ರವೆನಿಸಬೇಕು. ಮಗು ಶಾಲೆ ಬದಲಿಸಿದಾಗ ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂಬುದು ಹೊಸ ಶಾಲೆಯಲ್ಲಿ ಪ್ರವೇಶ ನಿರಾಕರಿಸಲಾಗಲೀ ತಡಮಾಡಲಾಗಲೀ ಕಾರಣವಾಗಕೂಡದು ಎಂದು ಅಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಸಾಲದೆಂಬಂತೆ, ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿಯ ವಿವರಗಳೆಲ್ಲ ಸ್ಯಾಟ್ಸ್ ತಂತ್ರಾಂಶದಲ್ಲಿ ದಾಖಲಾಗಿರುತ್ತವೆ. ಕಾನೂನು ಇದೆ, ಗಣಕಯಂತ್ರವೂ ಇದೆ, ಮಗು ಮಾತ್ರ ಮೆಟ್ಟಿಲ ಮೇಲಿದೆ. ಕೊನೆಗೆ ನಾನು ಹಳೆಯ ಪರಿಚಯದ ಅಧಿಕಾರಿಯೊಬ್ಬರಿಗೆ ದೂರವಾಣಿ ಮಾಡಿದೆ. ಮರುದಿನವೇ ಪ್ರವೇಶವಾಯಿತು. ದಂಪತಿ ಹಣ್ಣು ತಂದುಕೊಟ್ಟು ಕೃತಜ್ಞತೆ ಹೇಳಿದಾಗ ನನಗೆ ಸಂತೋಷಕ್ಕಿಂತ ಮುಜುಗರವೇ ಹೆಚ್ಚಾಯಿತು. ಸಂಸತ್ತು ಅಂಗೀಕರಿಸಿದ ಹಕ್ಕೊಂದು ನಿವೃತ್ತನೊಬ್ಬನ ದೂರವಾಣಿಯ ಮೂಲಕ ದೊರೆತರೆ ಅದು ಹಕ್ಕಾಗಿ ಉಳಿಯುವುದಿಲ್ಲ, ಉಪಕಾರವಾಗುತ್ತದೆ.

ಇದೇ ದಾರಿಯಲ್ಲಿ ಎದುರು ದಿಕ್ಕಿಗೆ ನಾನೂ ಒಮ್ಮೆ ಪ್ರಯಾಣ ಮಾಡಿದ್ದೆ. 1992ರ ಡಿಸೆಂಬರ್‌ನಲ್ಲಿ ನನಗೆ ಲಿಂಗಸುಗೂರು ಉಪವಿಭಾಗಕ್ಕೆ ವರ್ಗವಾಯಿತು. ಸಿಂಧನೂರು ತಾಲ್ಲೂಕು ಅದರ ವ್ಯಾಪ್ತಿಯದೇ. ಆಗ ನಮ್ಮದೂ ಎಳೆಯ ಸಂಸಾರ. ನಾವು ತಲುಪುವ ಮೊದಲೇ ವಸತಿಗೃಹಕ್ಕೆ ಸುಣ್ಣ ಬಳಿಸಿದ್ದರು. ಗ್ಯಾಸ್ ಸಂಪರ್ಕದ ವರ್ಗಾವಣೆ ಚೀಟಿಯನ್ನು ಕಚೇರಿಯ ಗುಮಾಸ್ತರೇ ಒಯ್ದು ಸಿಲಿಂಡರ್ ತಂದರು. ನಡುವರ್ಷದಲ್ಲಿ ಬಂದ ನಮ್ಮ ಮಗನನ್ನು ಸೇರಿಸಿಕೊಳ್ಳಲು ಮುಖ್ಯೋಪಾಧ್ಯಾಯರು ತಾವೇ ಮನೆಗೆ ಬಂದಿದ್ದರು, ಟಿ.ಸಿ. ಆಮೇಲೆ ತರಿಸಿಕೊಂಡರಾಯಿತು ಎಂದರು. ಮನೆಗೆಲಸಕ್ಕೆ ಯಾರು, ಹಾಲು ಎಲ್ಲಿ, ಮಕ್ಕಳ ವೈದ್ಯರು ಯಾರು ಎಂಬುದನ್ನೆಲ್ಲ ಮೊದಲ ಸಂಜೆಯೇ ಯಾರೋ ಹೇಳಿಹೋದರು. ಇದೆಲ್ಲ ಉತ್ತರ ಕರ್ನಾಟಕದ ಜನರ ಸಜ್ಜನಿಕೆಯೆಂದು ನಾನು ಬಹುಕಾಲ ನಂಬಿದ್ದೆ. ಸಜ್ಜನಿಕೆ ಇದ್ದದ್ದು ನಿಜ. ಆದರೆ ಅದರ ಹಿಂದೆ ಸರ್ಕಾರಿ ಆದೇಶವೊಂದು ನಿಂತಿತ್ತು ಎಂಬುದೂ ಅಷ್ಟೇ ನಿಜ.

ಒಂದು ಕುಟುಂಬ ಊರು ಬದಲಿಸುವಾಗ ಅದಕ್ಕೆ ಏನೇನು ಬೇಕಾಗುತ್ತದೆ ಎಂಬುದು ನಮ್ಮ ಸರ್ಕಾರಕ್ಕೆ ತಿಳಿಯದ ವಿಷಯವೇನಲ್ಲ. ಅದು ಅಕ್ಷರಶಃ ನಿಯಮಾವಳಿಯಲ್ಲಿದೆ. ಕೇಂದ್ರ ನೌಕರರಿಗಾಗಿ 1979ರಲ್ಲಿ ಮಾಡಿದ ನಿಯಮಗಳ ಪ್ರಕಾರ, ವರ್ಗವಾಗಿ ಬೇರೆ ಊರಿಗೆ ಹೋಗುವವರಿಗೆ ಸಾವಿರ ಕಿಲೋಮೀಟರಿನೊಳಗಿನ ದೂರಕ್ಕೆ 10 ದಿನಗಳ ಸೇರಿಕೆ ಕಾಲ, ಅದಕ್ಕೆ ಪೂರ್ಣ ಸಂಬಳ. ಸಾಮಾನು ಸಾಗಣೆಗೆ ಭತ್ಯೆ, ಕುಟುಂಬಕ್ಕೆ ಪ್ರಯಾಣವೆಚ್ಚ. ವರ್ಗಾವಣೆಗೆ ಒಳಗಾಗುವ ನೌಕರರ ಮಕ್ಕಳ ಓದು ಕೆಡಬಾರದೆಂದೇ 1963ರಲ್ಲಿ 20 ರೆಜಿಮೆಂಟಲ್ ಶಾಲೆಗಳನ್ನು ವಹಿಸಿಕೊಂಡು ಕೇಂದ್ರೀಯ ವಿದ್ಯಾಲಯಗಳ ವ್ಯವಸ್ಥೆಯನ್ನು ಆರಂಭಿಸಲಾಯಿತು. ಅಂದರೆ, ಸಮಯ, ಸೂರು, ಶಾಲೆ ಮತ್ತು ಸ್ವಲ್ಪ ಹಣ ಇಲ್ಲದೆ ಸಂಸಾರ ಹೊಸ ಊರಿನಲ್ಲಿ ಬೇರೂರುವುದಿಲ್ಲವೆಂಬುದನ್ನು ಪ್ರಭುತ್ವ ಬಹಳ ಹಿಂದೆಯೇ ಕಂಡುಕೊಂಡು, ಆ ತಿಳಿವಳಿಕೆಯನ್ನು ತನ್ನ ನೌಕರರಿಗಷ್ಟೇ ಮೀಸಲಿಟ್ಟಿತು. 2011ರ ಜನಗಣತಿಯಲ್ಲಿ ಹುಟ್ಟಿದೂರನ್ನೋ ಹಿಂದಿನ ವಾಸಸ್ಥಳವನ್ನೋ ಬಿಟ್ಟುಬಂದವರ ಸಂಖ್ಯೆ 45 ಕೋಟಿಗೂ ಹೆಚ್ಚಿತ್ತು. ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಹೋದ ಹೆಣ್ಣುಮಕ್ಕಳದು ಎಂಬುದನ್ನು ಒಪ್ಪೋಣ. ಕಳೆದು ಉಳಿದವರೂ ಕಡಿಮೆಯೇನಿಲ್ಲ.

ಈಗ ನನ್ನ ಐದು ತಿಂಗಳ ಕತೆಗೆ ಬರುತ್ತೇನೆ. ಅವರು ಬಂದಾಗ ಬಾಡಿಗೆ ಕರಾರು ಪತ್ರ ಮಾಡಿಕೊಡುವುದಾಗಿ ಹೇಳಿದ್ದೆ. ಮಾಡಲಿಲ್ಲ. ಅದೇ ಜೂನ್‌ನಲ್ಲಿ ಗೃಹಜ್ಯೋತಿ ಯೋಜನೆಗೆ ನೋಂದಣಿ ಆರಂಭವಾಗಿತ್ತು. ಬಾಡಿಗೆದಾರರೂ ಅರ್ಹರೆಂದು ಸರ್ಕಾರ ಘೋಷಿಸಿತ್ತು. ಮಹಡಿಗೆ ಪ್ರತ್ಯೇಕ ಆರ್.ಆರ್. ಸಂಖ್ಯೆ ಇದೆ. ಬೇಕಾದದ್ದು ನನ್ನ ಸಹಿ ಇರುವ ಒಂದು ಕರಾರು. ಬೆಳಗಿನ ವಾಯುವಿಹಾರದ ಗೆಳೆಯರು ಎಚ್ಚರಿಸಿದರು: ಕಾಗದ ಕೊಟ್ಟರೆ ಅದರ ಮೇಲೆ ಮತದಾರರ ಚೀಟಿ, ಪಡಿತರ ಚೀಟಿ ಎಲ್ಲ ಮಾಡಿಸಿಕೊಳ್ಳುತ್ತಾರೆ, ಆಮೇಲೆ ಎಬ್ಬಿಸಲಾಗುವುದಿಲ್ಲ. 2001ರ ಕೊನೆಯಿಂದ ಜಾರಿಯಲ್ಲಿರುವ ಕರ್ನಾಟಕ ಬಾಡಿಗೆ ಕಾಯ್ದೆಯೇ ಲಿಖಿತ ಕರಾರನ್ನು ಬಯಸುತ್ತದೆಂದು ನನಗೆ ಗೊತ್ತಿತ್ತು. ಪಡಿತರ ಚೀಟಿಯಿಂದ ಮನೆಯ ಒಡೆತನ ಕೈಬಿಡುವುದಿಲ್ಲವೆಂದೂ ಗೊತ್ತಿತ್ತು. ಮೂವತ್ತು ವರ್ಷ ಕಂದಾಯದ ಕಡತಗಳನ್ನು ನೋಡಿದ ಮನುಷ್ಯ ನಾನು. ಆದರೂ ಇಂದು ನಾಳೆ ಎಂದು ದೂಡಿದೆ. ಅಕ್ಟೋಬರ್‌ನಲ್ಲಿ ಒಂದು ದಿನ ವಿದ್ಯುತ್ ಬಿಲ್ಲಿನ ಹಣ ಕೊಡಲು ಆ ಹೆಣ್ಣುಮಗಳು ಕೆಳಗೆ ಬಂದು ಹೋದ ಮೇಲೆ ನನ್ನ ಪತ್ನಿ ಕೇಳಿದಳು: ‘ಲಿಂಗಸುಗೂರಿನಲ್ಲಿ ನಮ್ಮನ್ನು ಯಾರಾದರೂ ಹೀಗೆ ಕಾಯಿಸಿದ್ದರೇ?’ ಮರುದಿನ ಕರಾರಿಗೆ ಸಹಿ ಹಾಕಿದೆ. ವಾಡಿಕೆಯಂತೆ ಹನ್ನೊಂದು ತಿಂಗಳಿಗೆ.

ಈ ಹನ್ನೊಂದರ ಲೆಕ್ಕ ಎಲ್ಲರಿಗೂ ತಿಳಿದದ್ದೇ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ನೋಂದಣಿಯ ಖರ್ಚೂ ಅಲೆದಾಟವೂ ತಪ್ಪಲೆಂದು ಇಡೀ ದೇಶವೇ ಒಂದು ತಿಂಗಳು ಕಡಿಮೆ ಬರೆದುಕೊಳ್ಳುತ್ತದೆ. ಶಾಲೆಯ ವರ್ಷ ಜೂನ್‌ಗೆ ಆರಂಭ. ಕರಾರು ಒಂದು ಸಲ ಸೆಪ್ಟೆಂಬರ್‌ಗೆ ಮುಗಿದರೆ ಮುಂದಿನ ಸಲ ಆಗಸ್ಟ್‌ಗೆ, ಅದರ ಮುಂದಿನ ಸಲ ಜುಲೈಗೆ. ಬಾಡಿಗೆಯ ಸಂಸಾರ ಪ್ರತಿವರ್ಷ ಒಂದು ತಿಂಗಳು ಮೊದಲೇ ಆತಂಕಪಡಬೇಕು. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೊಟ್ಟವರಿಗೆ ಅದು ಒಳ್ಳೆಯ ಹಾಸ್ಯವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಕರಾರು ಕೈಗೆ ಬಂದರೂ ಉಳಿದದ್ದೆಲ್ಲ ಒಮ್ಮೆಗೇ ಆಗಲಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮೈಸೂರಿಗೆ ಏಪ್ರಿಲ್ 26ರಂದು ಮತದಾನವಾಯಿತು. ಕಾರ್ಖಾನೆಗೆ ರಜೆ ಇತ್ತು. ನಮ್ಮ ಮಹಡಿಯ ಮತದಾರ ಮನೆಯಲ್ಲಿ ಕುಳಿತಿದ್ದ. ಸಿಂಧನೂರು ಸೇರಿರುವ ಕೊಪ್ಪಳ ಕ್ಷೇತ್ರದಲ್ಲಿ ಮತದಾನ ಮೇ 7ರಂದು. ಅಂದು ಆತ ರಜೆ ಹಾಕಿ, ಹೋಗಿಬರಲು ಎರಡು ರಾತ್ರಿ ಬಸ್ಸಿನಲ್ಲಿ ಕಳೆದು ಮತ ಹಾಕಿಬಂದ. ಆತನ ನಿಷ್ಠೆ ದೊಡ್ಡದು. ಆದರೆ ಆತ ಕುಡಿಯುವ ನೀರು, ನಡೆಯುವ ರಸ್ತೆ, ಮಗಳ ಶಾಲೆ ಇರುವುದು ಇಲ್ಲಿ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಕಲಮಿನ ಪ್ರಕಾರ ಒಂದೂರಿನಲ್ಲಿ ಮನೆ ಹೊಂದಿದ ಮಾತ್ರಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿಯಾಗುವುದಿಲ್ಲ. ಕಾನೂನಿನ ಕಣ್ಣಿಗೆ ಮುಖ್ಯವಾದದ್ದು ವಾಸ, ಒಡೆತನವಲ್ಲ. ಕಚೇರಿಯ ಕಿಟಕಿಯಲ್ಲಿ ಮಾತ್ರ ಒಡೆಯನ ಕಾಗದವಿಲ್ಲದೆ ವಾಸ ರುಜುವಾತಾಗದು. ವಿಳಾಸ ಬದಲಾವಣೆಯ ನಮೂನೆ 8 ತುಂಬಿ ಅವರ ಹೆಸರು ಇಲ್ಲಿನ ಪಟ್ಟಿಗೆ ಬಂದದ್ದು ಆ ವರ್ಷದ ಕೊನೆಗೆ.

ಪಡಿತರ ಚೀಟಿಯದು ಇನ್ನೂ ಸೂಕ್ಷ್ಮ. ಸಿಂಧನೂರಿನ ಚೀಟಿಯಲ್ಲಿ ಮನೆಯ ಯಜಮಾನಿ ಅತ್ತೆ. ಇವರು ನಾಲ್ವರೂ ಅದರೊಳಗಿನ ಹೆಸರುಗಳು. ಅಲ್ಲಿಯ ಧಾನ್ಯ ವೃದ್ಧ ದಂಪತಿಗೆ ಬೇಕು, ಅದನ್ನು ಕಿತ್ತುಕೊಳ್ಳುವ ಮನಸ್ಸು ಇವರಿಗಿಲ್ಲ. ಆದರೆ ಹೆಸರು ಬೇರ್ಪಡುವ ತನಕ ಈ ನಾಲ್ವರು ಸರ್ಕಾರದ ಲೆಕ್ಕದಲ್ಲಿ ಒಂದು ಕುಟುಂಬವೇ ಅಲ್ಲ. ಎಂಟು ವರ್ಷದ ದಾಂಪತ್ಯ, ಎರಡು ಮಕ್ಕಳು, ಬೇರೆ ಒಲೆ. ದಾಖಲೆಯಲ್ಲಿ ಇನ್ನೂ ಅತ್ತೆಯ ಮನೆಯ ಸದಸ್ಯರು.

ವ್ಯವಸ್ಥೆಗೆ ಸಾಧ್ಯವೇ ಇಲ್ಲವೆಂದು ಹೇಳುವಂತೆಯೂ ಇಲ್ಲ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯೊಳಗೆ 2020ರ ಜನವರಿಯಲ್ಲಿ ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೆರಳಚ್ಚು ಒತ್ತಿ ಬೇರೆ ಊರಿನಲ್ಲಿ ಧಾನ್ಯ ಪಡೆಯುವುದು ಇಂದು ವಿಶೇಷವಲ್ಲ. ನಮ್ಮ ಮಹಡಿಯ ಸಂಸಾರವನ್ನು ಮೊದಲು ಗುರುತಿಸಿದ್ದಂತೂ ಬಡಾವಣೆಯ ಅಂಗನವಾಡಿ ಕಾರ್ಯಕರ್ತೆ. ಬಂದ ಹತ್ತನೇ ದಿನಕ್ಕೆ ಮೆಟ್ಟಿಲು ಹತ್ತಿ ಹೋಗಿ, ಕೂಸಿನ ತೂಕ ನೋಡಿ, ತಾಯಿ ಕಾರ್ಡಿನಲ್ಲಿ ಯಾವ ಲಸಿಕೆ ಬಾಕಿಯಿದೆ ಎಂದು ಓದಿ, ಪುಸ್ತಕದಲ್ಲಿ ಹೆಸರು ಬರೆದುಕೊಂಡರು. ಕರಾರು ಪತ್ರ ಕೇಳಲಿಲ್ಲ. ಮಗು ಎದುರಿಗಿತ್ತು, ಅಷ್ಟು ಸಾಕಾಯಿತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮೊದಲು ಆರಂಭವಾದದ್ದು ಇಲ್ಲಿಗೆ ಸಮೀಪದ ತಿರುಮಕೂಡಲು ನರಸೀಪುರದಲ್ಲಿ. ಜನರ ಮನೆಗೆ ತಾನೇ ನಡೆದುಹೋಗುವ ಆಡಳಿತ ಹೇಗಿರುತ್ತದೆಂದು ನೋಡಲು ಜಪಾನಿಗೆ ಹೋಗಬೇಕಿಲ್ಲ.

ಹಾಗೆಂದು ಜಪಾನನ್ನು ಅಲ್ಲಗಳೆಯುವಂತಿಲ್ಲ. ಅಲ್ಲಿ ಹೊಸ ಊರಿಗೆ ಬಂದವರು 14 ದಿನಗಳೊಳಗೆ ಪುರಸಭೆಯ ಕಚೇರಿಗೆ ತಿಳಿಸಬೇಕು. ಆ ಒಂದು ನೋಂದಣಿಯ ಆಧಾರದಲ್ಲೇ ಆರೋಗ್ಯ ವಿಮೆ, ಮಕ್ಕಳ ಭತ್ಯೆ, ಶಾಲೆಯ ಏರ್ಪಾಡುಗಳು ನಡೆಯುತ್ತವೆ. ನಮ್ಮಲ್ಲಿ ಹೊಸ ಬಾಡಿಗೆದಾರನ ವಿವರ ಕೇಳುವ ಆಸಕ್ತಿ ಇರುವುದು ಪೊಲೀಸ್ ಠಾಣೆಗೆ ಮಾತ್ರ. ನನ್ನ ಸಲಹೆ ದೊಡ್ಡದೇನಲ್ಲ. ನಗರಗಳಲ್ಲಿ ಕರ್ನಾಟಕ ಒನ್ ಕೇಂದ್ರಗಳಿವೆ. ಗೊತ್ತಾದ ಅವಧಿಯಲ್ಲಿ ಸೇವೆ ಕೊಡುವ 2011ರ ಸಕಾಲ ಕಾಯ್ದೆಯೂ ಇದೆ. ಹೊಸದಾಗಿ ಬಂದ ಕುಟುಂಬದ ಸ್ವಂತ ಘೋಷಣೆಯನ್ನೂ ನೆರೆಯ ಇಬ್ಬರ ಮಾತನ್ನೂ ಆಧರಿಸಿ, ಸ್ಥಳಕ್ಕೆ ಒಮ್ಮೆ ಭೇಟಿ ಕೊಟ್ಟು, ಏಳು ದಿನಗಳಲ್ಲಿ ಒಂದು ವಾಸ ಸ್ವೀಕೃತಿ ಕೊಡುವುದನ್ನು ಸಕಾಲ ಸೇವೆಯಾಗಿ ಸೇರಿಸಬಹುದು. ಮನೆಯ ಒಡೆಯನ ಸಹಿ ಅದಕ್ಕೆ ಬೇಕಾಗಬಾರದು. ಶಾಲೆ, ಆಹಾರ ಇಲಾಖೆ, ಚುನಾವಣಾ ಶಾಖೆ, ವಿದ್ಯುತ್ ಕಂಪನಿ ನಾಲ್ಕೂ ಅದನ್ನು ಒಪ್ಪಬೇಕು. ದುರುಪಯೋಗವಾಗುವುದಿಲ್ಲವೇ ಎಂದು ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ಆಗಬಹುದು. ಇಂದಿನ ವ್ಯವಸ್ಥೆಯಲ್ಲಿ ಸುಳ್ಳು ಕರಾರು ಪತ್ರ ಸಿಗುವುದಿಲ್ಲವೆಂದು ಅವರಲ್ಲಿ ಯಾರೂ ಎದೆಮುಟ್ಟಿ ಹೇಳಲಾರರು.

ಮಹಡಿಯವರೊಡನೆ ಮೂರನೇ ಕರಾರು ಮಾಡಿಕೊಳ್ಳುವಾಗ, ಮುಂದಿನ ಸಲ ಮೂರು ವರ್ಷಕ್ಕೆ ಬರೆದು ನೋಂದಾಯಿಸಿಬಿಡೋಣ ಎಂದು ಹೇಳಿದೆ. ಗಂಡ ಒಪ್ಪಿದ. ಆಕೆ ಮಾತ್ರ, ‘ಅಲ್ಲೀತನ ಬಾಡಿಗಿ ಏರ್ಸಂಗಿಲ್ಲ ಅಂತ ಬರೀತೀರೇನ್ರಿ ಸರ್?’ ಎಂದು ಕೇಳಿದಳು. ಆ ಷರತ್ತು ಇನ್ನೂ ಇತ್ಯರ್ಥವಾಗಿಲ್ಲ.