ಅಧಿಕಾರಾರೂಢರು ಅಜೇಯರೇ?

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ಕಾಂಗ್ರೆಸ್ಸಿನ ಭದ್ರಕೋಟೆಯೆಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಅದು ನಿರಾಧಾರವಾದ ಮಾತೇನೂ ಅಲ್ಲ. 1977ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಆ ಪಕ್ಷವು ನೆಲಕಚ್ಚಿದಾಗಲೂ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಸ್ಥಾನಗಳು ಅದಕ್ಕೇ ಒಲಿದುವು. ಗುಲಬರ್ಗಾ, ರಾಯಚೂರುಗಳು ಆ 26ರಲ್ಲಿ ಸೇರಿದ್ದುವು. ಗುರುಮಠಕಲ್ಲಿನಿಂದ ಶ್ರೀ ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ಎಂಟು ಸಲ ಎಡೆಬಿಡದೆ ಆರಿಸಿಬಂದರು. ಇಂತಹ ನೆಲದಲ್ಲಿ ಅಧಿಕಾರದಲ್ಲಿರುವವರಿಗೆ ಸೋಲಿನ ಭಯವುಂಟೇ? 2028ರ ವಿಧಾನಸಭಾ ಚುನಾವಣೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಭಯವುಂಟೆಂದೇ ನಮ್ಮ ಉತ್ತರ. ಕೋಟೆಯೆಂಬ ಹೆಸರು ಉಳಿದಿದೆ. ಬಾಗಿಲುಗಳು ಮಾತ್ರ ಎಂದೋ ತೆರೆದುಹೋಗಿವೆ. ಸುರಪುರ, ಶಹಾಪುರ, ಯಾದಗಿರಿಗಳನ್ನು ಒಳಗೊಂಡ ರಾಯಚೂರು ಲೋಕಸಭಾ ಕ್ಷೇತ್ರವನ್ನೇ ನೋಡಿರಿ. 2009ರಲ್ಲಿ ಭಾರತೀಯ ಜನತಾ ಪಕ್ಷ, 2014ರಲ್ಲಿ ಕಾಂಗ್ರೆಸ್ಸು, 2019ರಲ್ಲಿ ಪುನಃ ಭಾರತೀಯ ಜನತಾ ಪಕ್ಷ, 2024ರಲ್ಲಿ ಪುನಃ ಕಾಂಗ್ರೆಸ್ಸು: ನಾಲ್ಕು ಚುನಾವಣೆಗಳಲ್ಲಿ ನಾಲ್ವರು ಬೇರೆ ಬೇರೆ ಪ್ರತಿನಿಧಿಗಳು. ಸುರಪುರದ ವಿಧಾನಸಭಾ ಸ್ಥಾನವು 2013, 2018, 2023ರ ಮೂರು ಸಾರ್ವತ್ರಿಕ ಚುನಾವಣೆಗಳಲ್ಲಿಯೂ ಕೈ ಬದಲಾಯಿಸಿತು. ಯಾದಗಿರಿಯು 2018ರಲ್ಲಿ ಒಂದು ಪಕ್ಷವನ್ನು, 2023ರಲ್ಲಿ ಮತ್ತೊಂದನ್ನು ವರಿಸಿತು. ಖರ್ಗೆಯವರ ಹಳೆಯ ಗುರುಮಠಕಲ್ಲು 2018ರಲ್ಲಿ ಜನತಾದಳದ ಪಾಲಾಯಿತು. ಹನ್ನೊಂದು ಚುನಾವಣೆಗಳಲ್ಲಿ ಸೋಲರಿಯದೆ ಬಂದ ಆ ಹಿರಿಯರೇ 2019ರಲ್ಲಿ ಗುಲಬರ್ಗಾ ಲೋಕಸಭಾ ಕ್ಷೇತ್ರದಲ್ಲಿ 95 ಸಾವಿರಕ್ಕೂ ಮಿಕ್ಕಿದ ಮತಗಳಿಂದ ಪರಾಭವ ಹೊಂದಿದರು. ಅವರನ್ನು ಸೋಲಿಸಿದ ಶ್ರೀ ಉಮೇಶ ಜಾಧವರನ್ನೂ 2024ರಲ್ಲಿ ಅದೇ ಮತದಾರರು ಮನೆಗೆ ಕಳುಹಿಸಿದರು.

ಇದಕ್ಕೆ ವಿರುದ್ಧವಾದ ನಿದರ್ಶನಗಳು ಇಲ್ಲವೆಂದಲ್ಲ. ಶಹಾಪುರದ ಶ್ರೀ ಶರಣಬಸಪ್ಪ ದರ್ಶನಾಪುರರು 2018ರಲ್ಲಿ ಗೆದ್ದ ಸ್ಥಾನವನ್ನು 2023ರಲ್ಲಿಯೂ ಉಳಿಸಿಕೊಂಡರು. ಆದರೆ ಅವರೂ 2013ರಲ್ಲಿ ಸೋಲಿನ ರುಚಿಯನ್ನು ಕಂಡವರೇ. ಗುರುಮಠಕಲ್ಲಿನಲ್ಲಿ ತಂದೆಯ ಸ್ಥಾನವು 2023ರಲ್ಲಿ ಮಗನಿಗೆ ದೊರೆಯಿತು. ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕರ ನಿಧನದ ತರುವಾಯ 2024ರ ಉಪಚುನಾವಣೆಯಲ್ಲಿ ಅವರ ಪುತ್ರರೇ ಆರಿಸಿಬಂದರು. ಮನೆತನದ ಹೆಸರು ಪಕ್ಷದ ಹೆಸರಿಗಿಂತ ಹೆಚ್ಚು ಕಾಲ ಬಾಳಬಹುದೆಂಬುದಕ್ಕೆ ಇವು ಸಾಕ್ಷಿಗಳಾದಾವು. ಪಕ್ಷದ ನೆರಳು ಕುರ್ಚಿಯನ್ನು ಕಾಯುವುದೆಂಬುದಕ್ಕೆ ಮಾತ್ರ ಆಗಲಾರವು.

ಅಂತೂ ಆಳುವವರನ್ನು ಇಳಿಸುವ ವಿದ್ಯೆಯನ್ನು ನಮ್ಮ ಮತದಾರರು ಚೆನ್ನಾಗಿ ಕಲಿತಿದ್ದಾರೆ. ಅದು ಅಲ್ಪ ಸಂಗತಿಯಲ್ಲ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಪ್ರಜೆಗಳಿಗೆ ಅರಸನನ್ನು ಬದಲಿಸುವ ಉಪಾಯವೇ ಇರಲಿಲ್ಲ. ಆಂಗ್ಲರ ಅಂಕುಶವನ್ನು ಒಲ್ಲದೆ 1858ರಲ್ಲಿ ಸುರಪುರವು ಖಡ್ಗವನ್ನೆತ್ತಿ ತೆತ್ತ ಬೆಲೆಯನ್ನು ಇತಿಹಾಸವು ಬಲ್ಲದು. ಇಂದು ಒಂದು ಚೀಟಿಯಿಂದ, ಒಂದು ಗುಂಡಿಯಿಂದ ಆ ಕಾರ್ಯವು ನಡೆಯುತ್ತದೆ.

ಆದರೆ ಇಳಿಸುವುದು ಬೇರೆ, ಲೆಕ್ಕ ಕೇಳುವುದು ಬೇರೆ. ಇಷ್ಟೆಲ್ಲ ಏರಿಳಿತಗಳಾದ ಮೇಲೆ ಈ ನಾಡಿಗೆ ಬಂದ ಫಲವೇನು? 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ 52ನ್ನೂ ಮುಟ್ಟಲಿಲ್ಲ. ರಾಜ್ಯದಲ್ಲಿ ಅದೇ ಕಡೆಯ ಸ್ಥಾನ. 2018ರಲ್ಲಿ ವಿಶೇಷ ಗಮನ ಬೇಕಾದ ಹಿಂದುಳಿದ ಜಿಲ್ಲೆಗಳನ್ನು ಕೇಂದ್ರ ಸರಕಾರವು ಪಟ್ಟಿಮಾಡಿದಾಗ ಕರ್ನಾಟಕದಿಂದ ಅದರಲ್ಲಿ ಸೇರಿದುವು ರಾಯಚೂರು, ಯಾದಗಿರಿ ಎರಡೇ. ನಾರಾಯಣಪುರದ ಬಸವಸಾಗರವು ನಮ್ಮ ಅಂಗಳದಲ್ಲಿಯೇ ಇದ್ದರೂ ಕಾಲುವೆಯ ಕೊನೆಯ ರೈತನು ಎರಡನೆಯ ಬೆಳೆಗೆ ನೀರಿಗಾಗಿ ಮೊರೆಯಿಡುವುದು ತಪ್ಪಿಲ್ಲ. ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೊರಡುವ ಸಂಸಾರಗಳು ನಿಂತಿಲ್ಲ. ಸಂವಿಧಾನದ 371(ಜೆ) ವಿಧಿಯು 2013ರಿಂದ ಜಾರಿಯಲ್ಲಿದೆ. ಪ್ರತ್ಯೇಕ ಮಂಡಳಿಯಿದೆ, ಪ್ರತ್ಯೇಕ ಅನುದಾನವಿದೆ. ಆ ವಿಧಿಗಾಗಿ ಶ್ರಮಿಸಿದವರಲ್ಲಿ ಖರ್ಗೆಯವರು ಪ್ರಮುಖರು. ಅವರೇ 2019ರಲ್ಲಿ ಸೋತರೆಂಬುದನ್ನು ನೆನೆದರೆ, ಚುನಾವಣೆಯ ಗಾಳಿಯು ಮಾಡಿದ ಕೆಲಸವನ್ನೂ ಮಾಡದ ಕೆಲಸವನ್ನೂ ಒಂದೇ ತೆರನಾಗಿ ತೂರಿಬಿಡುವುದೆಂದು ಹೇಳದೆ ವಿಧಿಯಿಲ್ಲ.

ಆದುದರಿಂದ ಅಧಿಕಾರಾರೂಢರಿಗೆ ನಾವು ಹೇಳುವುದಿಷ್ಟು: ಪಕ್ಷದ ಕೋಟೆಯನ್ನು ನಂಬಿ ನಿದ್ರಿಸಬೇಡಿರಿ. ವಿರೋಧಪಕ್ಷದವರಿಗೂ ಒಂದು ಮಾತು: ಸರದಿಯು ತಾನಾಗಿ ಬರುವುದೆಂದು ಕಾಯುವವರು ಜನಸೇವಕರಲ್ಲ, ಸರದಿಯ ಸೇವಕರು. ಮತದಾರ ಬಂಧುಗಳಲ್ಲಿ ನಮ್ಮ ಬಿನ್ನಹವು ಬೇರೊಂದುಂಟು. ಐದು ವರ್ಷಕ್ಕೊಮ್ಮೆ ಸಿಟ್ಟು ತೀರಿಸಿಕೊಂಡರೆ ಕುರ್ಚಿಯು ಬದಲಾದೀತು, ಕಾಲುವೆಯಲ್ಲಿ ನೀರು ಬಾರದು. ಮಂಡಳಿಯ ಹಣವು ಯಾವ ಊರಿನ ಯಾವ ಶಾಲೆಗೆ, ಯಾವ ರಸ್ತೆಗೆ ಸಂದಿತೆಂಬುದನ್ನು ಪ್ರತಿ ವರ್ಷವೂ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿರಿ. ಮತಗಟ್ಟೆಗೆ ಹೋಗುವಾಗ ಜಾತಿ, ಮನೆತನ, ಗಾಳಿಗಳ ಬದಲಾಗಿ ಆ ಲೆಕ್ಕವನ್ನು ಕೈಯಲ್ಲಿ ಹಿಡಿದು ಹೋಗಿರಿ. ಸೋಲಿಗೆ ಅಂಜುವ ಪ್ರತಿನಿಧಿಯನ್ನು ನೀವು ಈಗಾಗಲೇ ಪಡೆದಿದ್ದೀರಿ; ಲೆಕ್ಕಕ್ಕೆ ಅಂಜುವ ಪ್ರತಿನಿಧಿಯನ್ನು ಇನ್ನು ಪಡೆಯಬೇಕಾಗಿದೆ.