ಕೋಡ್ ಎಲ್ಲರದು, ಬೀಗದ ಕೈ ಯಾರದು?

2024ರ ಅಕ್ಟೋಬರ್ 12ರಂದು ಲಕ್ಷಾಂತರ ವೆಬ್‌ಸೈಟುಗಳೊಳಗೆ ಕೆಲಸ ಮಾಡುತ್ತಿದ್ದ ಒಂದು ಪ್ಲಗಿನ್ ಕೈ ಬದಲಾಯಿತು. ಅದನ್ನು ಯಾರೂ ಮಾರಿರಲಿಲ್ಲ, ಯಾರೂ ಕೊಂಡಿರಲಿಲ್ಲ. ‘ಅಡ್ವಾನ್ಸ್‌ಡ್ ಕಸ್ಟಮ್ ಫೀಲ್ಡ್ಸ್’ ಎಂಬ ಆ ಪ್ಲಗಿನ್, ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ನಡೆಯುವ 20 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಡಬ್ಲ್ಯುಪಿ ಎಂಜಿನ್ ಕಂಪನಿ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಪ್ಲಗಿನ್ ಪಟ್ಟಿಯಲ್ಲಿ ಆ ಜಾಗದಲ್ಲೇ, ಅದೇ ವಿಳಾಸದಲ್ಲಿ ‘ಸೆಕ್ಯೂರ್ ಕಸ್ಟಮ್ ಫೀಲ್ಡ್ಸ್’ ಎಂಬ ಹೊಸ ಹೆಸರು ಕಾಣಿಸಿಕೊಂಡಿತು. ತಾನಾಗಿ ಅಪ್‌ಡೇಟ್ ಆಗುವಂತೆ ಇಟ್ಟುಕೊಂಡಿದ್ದವರ ಸೈಟುಗಳಿಗೆ ಹಳೆಯ ತಂಡದ ಬದಲು ಹೊಸ ತಂಡದ ಕೋಡ್ ಬಂದು ಸೇರಿತು. ಭದ್ರತೆಯ ದೋಷ ಸರಿಪಡಿಸಲು ಹೀಗೆ ಮಾಡಬೇಕಾಯಿತು ಎಂದು ವರ್ಡ್‌ಪ್ರೆಸ್‌ನ ಸಹಸ್ಥಾಪಕ ಮ್ಯಾಟ್ ಮಲೆನ್‌ವೆಗ್ ಹೇಳಿದರು.

ಇದರಲ್ಲಿ ಲೈಸೆನ್ಸಿನ ಉಲ್ಲಂಘನೆ ಇತ್ತೇ? ಇರಲಿಲ್ಲ. ಆ ಪ್ಲಗಿನ್ ಇದ್ದದ್ದು ಜಿಪಿಎಲ್ ಲೈಸೆನ್ಸಿನಡಿ. ಯಾರು ಬೇಕಾದರೂ ಕೋಡ್ ತೆಗೆದುಕೊಂಡು, ತಿದ್ದಿ, ಬೇರೆ ಹೆಸರಿನಲ್ಲಿ ಹಂಚಬಹುದು. ಆದರೆ ಹೋದದ್ದು ಕೋಡ್ ಅಲ್ಲ. ವರ್ಷಗಟ್ಟಲೆ ದುಡಿದು ಗಳಿಸಿದ ಬಳಕೆದಾರರ ವಿಶ್ವಾಸ, ಅವರು ಬರೆದ ಅಭಿಪ್ರಾಯಗಳು, ಅವರ ಸೈಟಿನವರೆಗೆ ಹೋಗುವ ದಾರಿ ಇವೆಲ್ಲ ಹೋದವು. ಇವುಗಳ ಬಗ್ಗೆ ಜಿಪಿಎಲ್ ಒಂದು ಮಾತನ್ನೂ ಹೇಳುವುದಿಲ್ಲ. ಮುಕ್ತ ತಂತ್ರಾಂಶ ಲೋಕದ ಇಂದಿನ ಜಗಳಗಳು ಬಹುಪಾಲು ಈ ಮೌನದೊಳಗೇ ಹುಟ್ಟುತ್ತಿವೆ.

ವರ್ಡ್‌ಪ್ರೆಸ್ ಸಣ್ಣ ಸಂಗತಿಯಲ್ಲ. ಮೂಲ ಲೇಖಕರು ಕೈಬಿಟ್ಟಿದ್ದ ‘ಬಿ2’ ಎಂಬ ಬ್ಲಾಗ್ ತಂತ್ರಾಂಶವನ್ನು ಎತ್ತಿಕೊಂಡು 2003ರಲ್ಲಿ ಮಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಶುರುಮಾಡಿದರು. ಇಂದು ಜಗತ್ತಿನ ವೆಬ್‌ಸೈಟುಗಳಲ್ಲಿ ಶೇ 40ಕ್ಕೂ ಹೆಚ್ಚು ಅದರ ಮೇಲೆ ನಡೆಯುತ್ತವೆ. ಕನ್ನಡದ ಎಷ್ಟೋ ಬ್ಲಾಗುಗಳು, ಸಣ್ಣ ಸುದ್ದಿತಾಣಗಳು ಕೂಡ ಅದನ್ನೇ ನಂಬಿಕೊಂಡಿವೆ.

ಮಲೆನ್‌ವೆಗ್ ಮತ್ತು ಡಬ್ಲ್ಯುಪಿ ಎಂಜಿನ್ ನಡುವಿನ ಜಗಳದ ಮೂಲದಲ್ಲಿದ್ದ ದೂರು ಸುಳ್ಳಲ್ಲ. ಡಬ್ಲ್ಯುಪಿ ಎಂಜಿನ್ ವರ್ಡ್‌ಪ್ರೆಸ್ ಸೈಟುಗಳಿಗೆ ಹೋಸ್ಟಿಂಗ್ ಒದಗಿಸಿ ಬೆಳೆದ ಟೆಕ್ಸಸ್‌ನ ಕಂಪನಿ. ಸಿಲ್ವರ್ ಲೇಕ್ ಎಂಬ ಹೂಡಿಕೆ ಸಂಸ್ಥೆ 2018ರಲ್ಲಿ ಅದಕ್ಕೆ 25 ಕೋಟಿ ಡಾಲರ್ ಹಾಕಿತು. 2024ರ ಸೆಪ್ಟೆಂಬರ್ 20ರಂದು ಪೋರ್ಟ್‌ಲ್ಯಾಂಡ್‌ನ ವರ್ಡ್‌ಕ್ಯಾಂಪ್ ಸಮ್ಮೇಳನದಲ್ಲಿ ಮಲೆನ್‌ವೆಗ್ ಒಂದು ಲೆಕ್ಕ ಮುಂದಿಟ್ಟರು: ತಮ್ಮ ಕಂಪನಿ ಆಟೊಮ್ಯಾಟಿಕ್ ವಾರಕ್ಕೆ ಮೂರೂವರೆ ಸಾವಿರಕ್ಕೂ ಹೆಚ್ಚು ಗಂಟೆಗಳ ದುಡಿಮೆಯನ್ನು ವರ್ಡ್‌ಪ್ರೆಸ್‌ಗೆ ಕೊಡುತ್ತದೆ, ಡಬ್ಲ್ಯುಪಿ ಎಂಜಿನ್ ಕೊಡುವುದು 40 ಗಂಟೆ. ಎಲ್ಲರೂ ಸೇರಿ ಕಟ್ಟಿದ್ದರಿಂದ ಕೋಟಿಗಟ್ಟಲೆ ಗಳಿಸಿ ಇಷ್ಟು ಕಡಿಮೆ ಹಿಂತಿರುಗಿಸುವುದು ನ್ಯಾಯವಲ್ಲ. ಆ ಮಾತಿನಲ್ಲಿ ಮಲೆನ್‌ವೆಗ್ ಸರಿ.

ಆದರೆ ನ್ಯಾಯ ಕೇಳಲು ಅವರು ಹಿಡಿದ ದಾರಿ ಬೇರೆ. ಡಬ್ಲ್ಯುಪಿ ಎಂಜಿನ್ ತನ್ನ ಆದಾಯದಲ್ಲಿ ಶೇ 8ರಷ್ಟನ್ನು ಹಣವಾಗಿಯೋ ಸಿಬ್ಬಂದಿಯ ದುಡಿಮೆಯಾಗಿಯೋ ಕೊಡಬೇಕೆಂಬ ಬೇಡಿಕೆ ಬಂತು. ಲೈಸೆನ್ಸಿನಲ್ಲಿ ಅದಕ್ಕೆ ಆಧಾರವಿಲ್ಲದ್ದರಿಂದ ಟ್ರೇಡ್‌ಮಾರ್ಕ್ ಮುಂದೆ ಬಂತು. ‘ಡಬ್ಲ್ಯುಪಿ’ ಎಂಬ ಹ್ರಸ್ವರೂಪವನ್ನು ಯಾರು ಬೇಕಾದರೂ ಬಳಸಬಹುದು ಎಂದು ವರ್ಡ್‌ಪ್ರೆಸ್ ಫೌಂಡೇಶನ್ನಿನ ಟ್ರೇಡ್‌ಮಾರ್ಕ್ ಪುಟದಲ್ಲೇ ಅಲ್ಲಿಯವರೆಗೆ ಬರೆದಿತ್ತು. ಜಗಳ ಎದ್ದ ಮೇಲೆ ಆ ಸಾಲು ಬದಲಾಯಿತು. ಆಟ ನಡೆಯುವಾಗಲೇ ನಿಯಮ ತಿದ್ದಿದರೆ ಮುಂದೆ ಆ ನಿಯಮವನ್ನು ಯಾರು ನಂಬುತ್ತಾರೆ?

ಸೆಪ್ಟೆಂಬರ್ 25ರಂದು ಡಬ್ಲ್ಯುಪಿ ಎಂಜಿನ್‌ಗೆ ವರ್ಡ್‌ಪ್ರೆಸ್ ಡಾಟ್ ಆರ್ಗ್ ಮುಚ್ಚಿತು. ಅದರ ಗ್ರಾಹಕರಾದ ಅಂಗಡಿಗಳು, ಶಾಲೆಗಳು, ಪತ್ರಿಕೆಗಳು ತಮಗೆ ಸಂಬಂಧವಿಲ್ಲದ ಜಗಳದಲ್ಲಿ ಪ್ಲಗಿನ್ ಅಪ್‌ಡೇಟ್ ಸಿಗದೆ ನಿಂತವು. ಅಕ್ಟೋಬರ್ 2ರಂದು ಕಂಪನಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿಗೆ ಹೋಯಿತು. ಅದೇ ವಾರ, ಮಲೆನ್‌ವೆಗ್ ಅವರ ದಾರಿಯನ್ನು ಒಪ್ಪದವರಿಗಾಗಿ ಆಟೊಮ್ಯಾಟಿಕ್ ಮುಂದಿಟ್ಟ ಪರಿಹಾರ ಪಡೆದು 159 ಉದ್ಯೋಗಿಗಳು ಹೊರನಡೆದರು. ಆಮೇಲೆ ವರ್ಡ್‌ಪ್ರೆಸ್ ಡಾಟ್ ಆರ್ಗ್‌ಗೆ ಲಾಗಿನ್ ಆಗುವವರೆಲ್ಲ ‘ನನಗೆ ಡಬ್ಲ್ಯುಪಿ ಎಂಜಿನ್ ಜೊತೆ ಯಾವ ಸಂಬಂಧವೂ ಇಲ್ಲ’ ಎಂಬರ್ಥದ ಚೌಕಕ್ಕೆ ಗುರುತು ಹಾಕಬೇಕಾಯಿತು. ವರ್ಷಗಳಿಂದ ಬಿಟ್ಟಿಯಾಗಿ ದುಡಿದ ಸ್ವಯಂಸೇವಕರಿಂದ ಹೀಗೆ ನಿಷ್ಠೆಯ ಪ್ರಮಾಣ ಬರೆಸಿಕೊಂಡದ್ದು ಈ ಪ್ರಕರಣದಲ್ಲೇ ಹೆಚ್ಚು ನೋವಿನ ಸಂಗತಿ. ಡಿಸೆಂಬರ್ 10ರಂದು ನ್ಯಾಯಾಧೀಶೆ ಅರಾಸೆಲಿ ಮಾರ್ಟಿನೆಜ್-ಓಲ್ಗಿನ್ ತಾತ್ಕಾಲಿಕ ತಡೆಯಾಜ್ಞೆ ಹೊರಡಿಸಿದರು: ಸೆಪ್ಟೆಂಬರ್ 20ರಂದು ಹೇಗಿತ್ತೋ ಹಾಗೆ 72 ಗಂಟೆಯೊಳಗೆ ಪ್ರವೇಶ ಮರಳಿಸಬೇಕು, ಪ್ಲಗಿನ್ ಪಟ್ಟಿಯನ್ನೂ ಹಿಂತಿರುಗಿಸಬೇಕು.

ಈ ವ್ಯಾಜ್ಯದ ನಡುವೆ ಬಹುಮಂದಿಗೆ ಗೊತ್ತಿಲ್ಲದಿದ್ದ ಒಂದು ವಿಷಯ ಸ್ಪಷ್ಟವಾಯಿತು. ವರ್ಡ್‌ಪ್ರೆಸ್ ಡಾಟ್ ಆರ್ಗ್ ಫೌಂಡೇಶನ್ನಿನ ಆಸ್ತಿಯಲ್ಲ, ಆಟೊಮ್ಯಾಟಿಕ್‌ನ ಆಸ್ತಿಯೂ ಅಲ್ಲ. ಅದು ಮಲೆನ್‌ವೆಗ್ ಅವರ ಸ್ವಂತದ್ದು. ಸಮುದಾಯದ ಮನೆ ಎಂದು ಎಲ್ಲರೂ ತಿಳಿದಿದ್ದ ಕಟ್ಟಡದ ಬೀಗದ ಕೈ ಒಬ್ಬರ ಜೇಬಿನಲ್ಲಿತ್ತು.

ಲೈಸೆನ್ಸ್ ದುರ್ಬಲ ಎಂದು ಇದರರ್ಥವಲ್ಲ. ನ್ಯಾಯಾಲಯಗಳಲ್ಲಿ ಅದು ಚೆನ್ನಾಗಿಯೇ ನಿಂತಿದೆ. 2004ರಲ್ಲಿ ಮ್ಯೂನಿಕ್ ಕೋರ್ಟು ಸೈಟ್‌ಕಾಮ್ ಕಂಪನಿಯ ವಿರುದ್ಧ ಜಿಪಿಎಲ್ ಅನ್ನು ಎತ್ತಿಹಿಡಿಯಿತು. ಆಟಿಕೆ ರೈಲುಗಳನ್ನು ಓಡಿಸುವ ತಂತ್ರಾಂಶದ ವಿಷಯವಾಗಿ ನಡೆದ ಜೇಕಬ್‌ಸನ್–ಕಾಟ್ಜರ್ ಮೊಕದ್ದಮೆಯಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2008ರಲ್ಲಿ, ಮುಕ್ತ ಲೈಸೆನ್ಸಿನ ಷರತ್ತುಗಳನ್ನು ಕೃತಿಸ್ವಾಮ್ಯ ಕಾನೂನಿನಡಿ ಜಾರಿಮಾಡಿಸಬಹುದು ಎಂದಿತು. ಕೋಡ್‌ನ ಹಕ್ಕಿಗೆ ಕಾನೂನಿನ ಕಾವಲಿದೆ. ಯೋಜನೆಯ ಹೆಸರು, ಸರ್ವರು, ಪ್ಯಾಕೇಜುಗಳ ಪಟ್ಟಿ, ಯಾರನ್ನು ಹೊರಹಾಕಬಹುದೆಂಬ ಅಧಿಕಾರ ಇವುಗಳಿಗೆ ಅಂಥ ಕಾವಲಿಲ್ಲ. ಇವು ಯಾರ ಕೈಯಲ್ಲಿರಬೇಕೆಂದು ಸಮುದಾಯವೇ ಬರೆದಿಡಬೇಕು, ಜಗಳ ಬರುವ ಮೊದಲೇ ಬರೆದಿಡಬೇಕು.

ಒಪ್ಪದವರು ಕೋಡ್ ಎತ್ತಿಕೊಂಡು ಬೇರೆ ಮನೆ ಮಾಡಲಿ ಎಂಬ ಉತ್ತರ ಯಾವಾಗಲೂ ಸಿದ್ಧವಿರುತ್ತದೆ. ಅದು ಅರ್ಧ ಸತ್ಯ. 2024ರ ಮಾರ್ಚ್ 20ರಂದು ರೆಡಿಸ್ ಕಂಪನಿ ತನ್ನ ಡೇಟಾಬೇಸನ್ನು ಉದಾರವಾದ ಬಿಎಸ್‌ಡಿ ಲೈಸೆನ್ಸಿನಿಂದ ಹೊರತಂದಾಗ ಎಂಟೇ ದಿನಗಳಲ್ಲಿ ಅದೇ ಕೋಡ್‌ನಿಂದ ಲಿನಕ್ಸ್ ಫೌಂಡೇಶನ್ನಿನಡಿ ‘ವಾಲ್ಕಿ’ ಹುಟ್ಟಿತು. ಆದರೆ ಅದರ ಬೆನ್ನಿಗೆ ಅಮೆಜಾನ್, ಗೂಗಲ್, ಒರಾಕಲ್ ಇದ್ದವು. ಮರುವರ್ಷ ರೆಡಿಸ್ ಕೂಡ ಎಜಿಪಿಎಲ್ ಲೈಸೆನ್ಸಿನ ಆಯ್ಕೆ ಕೊಟ್ಟು ಮುಕ್ತ ತಂತ್ರಾಂಶದ ಕಡೆ ಮರಳಿತು. ದೊಡ್ಡವರ ಬೆಂಬಲವಿಲ್ಲದ ನಾಲ್ಕು ಜನರಿಗೆ ಕೋಡ್ ಸಿಗುತ್ತದೆ, ಬಳಕೆದಾರರು ಸಿಗುವುದಿಲ್ಲ.

ಇದಕ್ಕಿಂತ ಒಳ್ಳೆಯ ದಾರಿ ಇದೆ, ಅದರಲ್ಲಿ ನಡೆದು ತೋರಿಸಿದವರೂ ಇದ್ದಾರೆ. ಪೈಥಾನ್ ಭಾಷೆಯ ಸೃಷ್ಟಿಕರ್ತ ಗೀಡೊ ವಾನ್ ರೋಸಮ್ ದಶಕಗಳ ಕಾಲ ಕೊನೆಯ ಮಾತು ತಮ್ಮದೇ ಎಂಬ ಸ್ಥಾನದಲ್ಲಿದ್ದರು. ‘:=’ ಎಂಬ ಒಂದು ಚಿಹ್ನೆ ಸೇರಿಸುವ ಬಗ್ಗೆ ಕಹಿ ಜಗಳವಾಗಿ, ದಣಿದು, 2018ರ ಜುಲೈನಲ್ಲಿ ಅಧಿಕಾರ ಬಿಟ್ಟರು. ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ, ಹೇಗೆ ಆಳಿಕೊಳ್ಳಬೇಕೆಂದು ನೀವೇ ತೀರ್ಮಾನಿಸಿ ಎಂದರು. ಅಭಿವೃದ್ಧಿಗಾರರು ಹಲವು ಪ್ರಸ್ತಾವಗಳನ್ನು ಚರ್ಚಿಸಿ, ಮತ ಹಾಕಿ, ಐವರ ಚುನಾಯಿತ ಮಂಡಳಿಯನ್ನು ಆರಿಸಿಕೊಂಡರು. ಅದರ ನಿಯಮಗಳಲ್ಲಿ ಒಂದು ಹೀಗಿದೆ: ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಮಂಡಳಿಯಲ್ಲಿ ಇರಕೂಡದು. ವರ್ಡ್‌ಪ್ರೆಸ್‌ನಲ್ಲಿ ಅಂಥ ಒಂದು ಸಾಲು ಇದ್ದಿದ್ದರೆ 2024ರ ಕಥೆ ಬೇರೆಯಾಗುತ್ತಿತ್ತು.

ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಯಾದ ಡೆಬಿಯನ್‌ನಲ್ಲಿ ಇಂಥ ಏರ್ಪಾಡು ಇನ್ನೂ ಹಳೆಯದು. 1998ರಿಂದ ಅದಕ್ಕೆ ಬರೆದ ಸಂವಿಧಾನವಿದೆ, ಪ್ರತಿವರ್ಷ ನಾಯಕನ ಚುನಾವಣೆ ನಡೆಯುತ್ತದೆ. ಅಲ್ಲಿ ಜಗಳವಿಲ್ಲವೆಂದಲ್ಲ. 2014ರಲ್ಲಿ, ಕಂಪ್ಯೂಟರ್ ಶುರುವಾಗುವಾಗ ಸೇವೆಗಳನ್ನು ಚಾಲೂ ಮಾಡುವ ‘ಸಿಸ್ಟಮ್‌ಡಿ’ ತಂತ್ರಾಂಶ ಬೇಕೋ ಬೇಡವೋ ಎಂಬ ವಾದದಲ್ಲಿ ತಾಂತ್ರಿಕ ಸಮಿತಿ ಸಮಸಮ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ಕೆಲವರು ಸಮಿತಿಗೆ ರಾಜೀನಾಮೆ ಕೊಟ್ಟರು, ಒಂದು ಗುಂಪು ‘ಡೆವುವಾನ್’ ಕಟ್ಟಿಕೊಂಡು ಹೊರಟಿತು. ಮನಸ್ಸುಗಳು ಒಡೆದವು, ನಿಜ. ಆದರೆ ಬಳಕೆದಾರರ ಅಪ್‌ಡೇಟ್ ಒಂದು ದಿನವೂ ಒತ್ತೆಯಾಗಲಿಲ್ಲ.

ಮತದಾನದಿಂದ ತಂತ್ರಾಂಶ ಬೆಳೆಯುವುದಿಲ್ಲ, ಲಿನಕ್ಸ್ ಬೆಳೆದದ್ದು ಒಬ್ಬ ಲೀನಸ್ ಟೊರ್ವಾಲ್ಡ್ಸ್‌ನ ಹಟದಿಂದ ಎನ್ನುವವರಿದ್ದಾರೆ. ಲಿನಕ್ಸ್ ಹೆಸರಿನ ಟ್ರೇಡ್‌ಮಾರ್ಕ್ ಕೂಡ ಅವರದೇ. ಆದರೆ ಲಿನಕ್ಸ್ ಬಳಕೆದಾರರನ್ನು ತಲುಪುವುದು ಡೆಬಿಯನ್, ರೆಡ್ ಹ್ಯಾಟ್ ಮೊದಲಾದ ಹತ್ತಾರು ದಾರಿಗಳಲ್ಲಿ; ಒಬ್ಬರು ಮುನಿದರೆ ಎಲ್ಲ ದಾರಿ ಮುಚ್ಚುವುದಿಲ್ಲ. ಅಷ್ಟಿದ್ದೂ 2024ರ ಅಕ್ಟೋಬರ್‌ನಲ್ಲಿ ರಷ್ಯಾ ಸಂಬಂಧವಿದ್ದ ಹತ್ತಕ್ಕೂ ಹೆಚ್ಚು ನಿರ್ವಾಹಕರ ಹೆಸರುಗಳನ್ನು ಕಾನೂನು ಪಾಲನೆಯ ಅಗತ್ಯ ಎಂಬ ಚುಟುಕು ಕಾರಣ ಕೊಟ್ಟು ತೆಗೆದಾಗ ಅಲ್ಲೂ ಗಾಯವಾಯಿತು. ದಿಗ್ಬಂಧನದ ಕಾನೂನನ್ನು ಮೀರಲು ಸಾಧ್ಯವಿರಲಿಲ್ಲ, ಸರಿ. ವರ್ಷಗಟ್ಟಲೆ ಜೊತೆಗೆ ದುಡಿದವರಿಗೆ ಮೊದಲು ಸರಿಯಾದ ವಿವರಣೆ ಕೊಡಲು ಯಾವ ಕಾನೂನೂ ಅಡ್ಡಬಂದಿರಲಿಲ್ಲ.

ಇನ್ನು ಹಣ. ಅದರ ಕೊರತೆ ಎಷ್ಟು ಅಪಾಯಕಾರಿ ಎಂದು 2024ರ ಮಾರ್ಚ್‌ನಲ್ಲಿ, ಫೈಲುಗಳನ್ನು ಕುಗ್ಗಿಸುವ ‘ಎಕ್ಸ್‌ಝೆಡ್’ ಎಂಬ ಮುಕ್ತ ತಂತ್ರಾಂಶದ ಪ್ರಕರಣ ತೋರಿಸಿತು. ಸಂಬಳವಿಲ್ಲದೆ ದುಡಿದು ಬಳಲಿದ ಒಬ್ಬ ನಿರ್ವಾಹಕನ ಮೇಲೆ ಒತ್ತಡ ಹೇರಿ, ಎರಡು ವರ್ಷಕ್ಕೂ ಹೆಚ್ಚು ಕಾಲ ವಿಶ್ವಾಸ ಗಳಿಸಿದ ವಂಚಕ ಅದರೊಳಗೆ ಹಿಂಬಾಗಿಲು ಇಟ್ಟಿದ್ದ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಸಿಕ್ಕಿಬಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಝೆರೋಧಾ ಕಂಪನಿ ತಾನು ಬೆಳೆದದ್ದೇ ಮುಕ್ತ ತಂತ್ರಾಂಶದ ಮೇಲೆ ಎಂದು ಹೇಳಿ, ಜಗತ್ತಿನ ಯಾವ ಯೋಜನೆಯಾದರೂ ಅರ್ಜಿ ಹಾಕಬಹುದಾದ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿಯನ್ನು ಘೋಷಿಸಿತು. ಬೆಂಗಳೂರಿನ ಉಳಿದ ತಂತ್ರಜ್ಞಾನ ಕಂಪನಿಗಳೂ ಇಂಥ ನಿಧಿಗಳನ್ನು ತೆರೆಯಬೇಕು. ಡಬ್ಲ್ಯುಪಿ ಎಂಜಿನ್‌ನಂಥ ಕಂಪನಿಗಳ ಮೇಲಿನ ಋಣವೂ ಇಂಥದ್ದೇ: ಕೇಳುವ ಮೊದಲೇ ಕೊಡಬೇಕಾದದ್ದು.

ವರ್ಡ್‌ಪ್ರೆಸ್‌ನಲ್ಲಿ ಬದಲಾವಣೆ ಕೇಳಿದವರ ಗತಿ ಏನಾಯಿತೆಂಬುದೂ ದಾಖಲಾಗಿದೆ. ಆಡಳಿತ ಹಂಚಿಕೆಯಾಗಬೇಕೆಂದು ಬಹಿರಂಗವಾಗಿ ಬರೆದ ಯೂಸ್ಟ್ ಡಿ ವಾಲ್ಕ್ ಮತ್ತು ಕರೀಮ್ ಮರೂಚಿ ಅವರ ಖಾತೆಗಳನ್ನು 2025ರ ಜನವರಿಯಲ್ಲಿ ಮಲೆನ್‌ವೆಗ್ ನಿಷ್ಕ್ರಿಯಗೊಳಿಸಿದರು. ಅದೇ ತಿಂಗಳು ಆಟೊಮ್ಯಾಟಿಕ್ ತನ್ನ ದುಡಿಮೆಯನ್ನೂ ವಾರಕ್ಕೆ ಸುಮಾರು 45 ಗಂಟೆಗೆ ಇಳಿಸಿತು, ಮೇ ತಿಂಗಳಲ್ಲಿ ಮರಳಿತು. ಜೂನ್‌ನಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ‘ಫೇರ್’ ಎಂಬ ಯೋಜನೆ ಹೊರಬಂತು. ಒಂದೇ ಕೇಂದ್ರವನ್ನು ನೆಚ್ಚದೆ ಪ್ಲಗಿನ್ನುಗಳನ್ನು ಹಂಚುವುದು ಅದರ ಗುರಿ. ಇಷ್ಟು ಸಾಲದು. ವರ್ಡ್‌ಪ್ರೆಸ್ ಡಾಟ್ ಆರ್ಗ್ ತಾಣ ಫೌಂಡೇಶನ್ನಿಗೆ ಹೋಗಬೇಕು. ಫೌಂಡೇಶನ್ನಿನ ನಿರ್ದೇಶಕರನ್ನು ವರ್ಡ್‌ಪ್ರೆಸ್‌ಗಾಗಿ ದುಡಿಯುವವರು ಚುನಾಯಿಸಬೇಕು. ಯಾರದೇ ಖಾತೆ ಮುಚ್ಚಿದರೂ, ಯಾವುದೇ ಪ್ಲಗಿನ್ ಕಿತ್ತುಕೊಂಡರೂ ಮೇಲ್ಮನವಿಗೆ ಒಂದು ಜಾಗ ಇರಬೇಕು. ಮಲೆನ್‌ವೆಗ್ ಅವರಿಗೆ ಇದನ್ನು ಮಾಡಲು ಕೋರ್ಟಿನ ಆದೇಶ ಬೇಕಿಲ್ಲ, ಅವರ ಸಹಿ ಸಾಕು.